ಕೊಲ್ಲಿಯಿಂದ ಬಂದ ಇನ್ಸುಲಿನ್

ನನ್ನ ಹೆತ್ತ ಉಮ್ಮನ ಕಾಲ್ಬೆರಳಿನ ಗಾಯ ಒಣಗಲಿಲ್ಲ. ಇನ್ನು ಮಾತ್ರೆ ಸಾಲದು, ಇನ್ಸುಲಿನ್ ಚುಚ್ಚದಿದ್ದರೆ ಬೆರಳು ಉಳಿಯಲಿಕ್ಕಿಲ್ಲ ಎಂದರು ಬಂಟ್ವಾಳದ ಡಾಕ್ಟರು. ಉಮ್ಮ ಚಪ್ಪಲಿ ಮೆಟ್ಟಿಕೊಂಡು ಎದ್ದರು. ಬೆವರಿದ್ದು ನಾನು. ಮೆಲ್ಕಾರಿನಲ್ಲಿ ಫ್ಯಾನ್ಸಿ ಅಂಗಡಿ ಇಟ್ಟವನಿಗೆ ಗಿರಾಕಿಗಳಿಗಿಂತ ಚಿಂತೆಗಳೇ ಜಾಸ್ತಿ.

ಅಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಇನ್ಸುಲಿನ್ನನ್ನು ಹಂದಿಯಿಂದ ತೆಗೆಯುತ್ತಾರೆ ಎಂದರು. ಉಮ್ಮ ಬೇಡವೆಂದರು. ಮೂಡುಬಿದಿರೆಯಲ್ಲಿ ಬಯೋಟೆಕ್ನಾಲಜಿ ಓದುವ ನನ್ನ ಮಗಳು ಫೋನಿನಲ್ಲೇ ವಿವರಿಸಿದಳು: ಅದು ಹಿಂದಿನ ಕಾಲದ ಮಾತು, ಈಗ ಮನುಷ್ಯನ ಜೀನನ್ನು ಯೀಸ್ಟಿಗೆ ಸೇರಿಸಿ ಅದರಿಂದಲೇ ತಯಾರಿಸುತ್ತಾರೆ. ಓದಿದವಳ ಮಾತು. ಆದರೆ ನಮ್ಮಲ್ಲಿ ಕೊನೆಯ ಮಾತು ಕೊಲ್ಲಿಯಲ್ಲಿರುವವರದ್ದು. ಅಲ್ಲಿದ್ದ ನನ್ನ ಅಣ್ಣ, ಇಲ್ಲಿಯದ್ದನ್ನು ಹೇಗೆ ನಂಬುವುದು, ಶುದ್ಧವಾದದ್ದು ನಾನೇ ಕಳಿಸುತ್ತೇನೆ ಎಂದ. ಉಮ್ಮ ಒಪ್ಪಿದರು.

ಊರಿಗೆ ಬಂದ ಒಬ್ಬ ನೆಂಟರ ರಟ್ಟಿನ ಪೆಟ್ಟಿಗೆಯಲ್ಲಿ ಇನ್ಸುಲಿನ್ ಬಂತು. ಅಂಥ ಪೆಟ್ಟಿಗೆಯನ್ನು ಅದರಲ್ಲಿ ಪಾಲಿರುವ ನೆಂಟರೆಲ್ಲ ಸೇರದೆ ಬಿಚ್ಚುವ ಕ್ರಮವಿಲ್ಲ. ಹಾಗಾಗಿ ಹಾಲಿನ ಪುಡಿ, ಅತ್ತರುಗಳ ನಡುವೆ ಅದು ಬೆಳ್ತಂಗಡಿಯ ಅವರ ಮನೆಯ ತಗಡು ಶೀಟಿನ ಮಾಡಿನ ಕೋಣೆಯಲ್ಲಿ, ಏಪ್ರಿಲ್ ಸೆಕೆಯಲ್ಲಿ, ಚಾರ್ಮಾಡಿಯ ಅತ್ತೆ ಬರುವ ತನಕ ಕಾದು ಕುಳಿತಿತು. ನಾನು ಅತ್ತರು ಸೋರೀತೆಂದು ಮಾತ್ರ ಹೆದರಿದ್ದೆ.

ಉಮ್ಮ ಶ್ರದ್ಧೆಯಿಂದ ಚುಚ್ಚಿಸಿಕೊಂಡರು. ಸಕ್ಕರೆ ಇಳಿಯಲಿಲ್ಲ, ಗಾಯ ದೊಡ್ಡದಾಯಿತು. ಅಣ್ಣ ಫೋನಿನಲ್ಲಿ ಪಥ್ಯವನ್ನು ದೂರಿದ, ನಾನು ಸಕ್ಕರೆ ನೋಡುವ ಮೆಷಿನನ್ನು ದೂರಿದೆ.

ರಜೆಗೆ ಬಂದ ಮಗಳು ಬಾಟಲಿಯ ಕಥೆ ಕೇಳಿ ಹಣೆ ಒತ್ತಿಕೊಂಡಳು. "ಬಾಪ, ಇದು ಪ್ರೋಟೀನ್. ಸೆಕೆಯಲ್ಲಿಟ್ಟರೆ ಹಾಳಾಗ್ತದೆ. ಬೇಯಿಸಿದ ಮೊಟ್ಟೆಗೆ ಕಾವು ಕೂತರೆ ಮರಿ ಬರ್ತದಾ?" ಆಮೇಲೆ ಡಬ್ಬಿ ತಿರುಗಿಸಿ ತೋರಿಸಿದಳು. ತಯಾರಾದದ್ದು ಭಾರತದಲ್ಲಿ. ಸಮುದ್ರ ದಾಟಿ ಶುದ್ಧವಾಗಿ ಬಂದಿತ್ತು, ಅಷ್ಟೇ.

ಉಮ್ಮ ಅವಳನ್ನು ಹತ್ತಿರ ಕರೆದರು. "ಯೀಸ್ಟ್ ಅಂದ್ರೆ ಬೇಕರಿಯವರು ಬ್ರೆಡ್ಡಿಗೆ ಹಾಕುವುದಾ?"

"ಅದೇ."

"ಅದನ್ನು ಮೊದಲೇ ಹೇಳುವುದಲ್ವಾ ಮಾರಾಯ್ತಿ."

ಆ ಸಂಜೆಯೇ ಬಂಟ್ವಾಳದ ಮೆಡಿಕಲ್ಲಿನಿಂದ ಐಸ್ ಚೀಲದಲ್ಲಿ ಹೊಸ ಬಾಟಲಿ ತಂದೆ. ದಾರಿಯುದ್ದಕ್ಕೂ ಅದು ಹೆಪ್ಪುಗಟ್ಟಿದರೆ ಏನು ಗತಿ ಎಂದು ಚಿಂತಿಸಿದೆ.

ಗಾಯ ಮೆಲ್ಲಗೆ ಒಣಗಿತು, ಬೆರಳು ಉಳಿಯಿತು. ಸುದ್ದಿ ತಿಳಿದ ಅಣ್ಣ ಗುಂಪಿನಲ್ಲಿ ಧ್ವನಿ ಸಂದೇಶ ಹಾಕಿದ: ನೋಡಿದಿರಾ, ಕೊಲ್ಲಿಯ ಮದ್ದಿನ ಗುಣ. ತಿದ್ದಲು ನಾನು ಫೋನ್ ಎತ್ತಿಕೊಂಡೆ. ಉಮ್ಮ ತಡೆದರು.

"ಹೇಳಿಕೊಳ್ಳಲಿ, ಬಿಡು. ಮುಂದಿನ ಸಲ ಚಪ್ಪಲಿ ಕಳಿಸಲಿಕ್ಕೆ ಹೇಳು. ಅದು ಸೆಕೆಗೆ ಕೆಡುವುದಿಲ್ಲ."