ಪತ್ತೇದಾರಿ ಮೇಷ್ಟ್ರ ಭಾನುವಾರಗಳು

ಅವರ ಎಡಹುಬ್ಬು ಬಲಹುಬ್ಬಿಗಿಂತ ಒಂದಿಷ್ಟು ಮೇಲೆ ನಿಂತಿತ್ತು. ಹುಟ್ಟಿನಿಂದಲೇ ಹಾಗಿತ್ತೋ, ಕಂಡಕಂಡವರನ್ನೆಲ್ಲ ಅನುಮಾನಿಸಿ ಹಾಗಾಗಿತ್ತೋ ತಿಳಿಯದು. "ಕಾಫಿ ಆಯ್ತಾ?" ಎಂದು ಅವರು ಕೇಳಿದರೂ, ಎಲ್ಲೋ ಸುಳ್ಳು ಹೇಳಿ ಸಿಕ್ಕಿಬಿದ್ದ ಹಾಗೆ ನಮಗೆ ಎದೆ ಹಾರುತ್ತಿತ್ತು. ಮೂಗಿನ ಕೆಳಗೆ ಸದಾ ನಶ್ಯದ ಕಂದು ಗೆರೆ. "ಒಂದೊಂದು ಕೊಲೆಗೂ ಒಂದೊಂದು ಚಿಟಿಕೆ ಕಣ್ರೀ. ಈ ತಿಂಗಳು ಡಬ್ಬಿ ಆಗ್ಲೇ ಖಾಲಿ. ಊರಿಗೂರೇ ಸತ್ತಿರ್ಬೇಕು," ಎಂದು ಅವರ ಹೆಂಡತಿ ನಗುತ್ತಿದ್ದರು.

ಅವರು ಬರೆಯುತ್ತಿದ್ದುದು ಪತ್ತೇದಾರಿ ಕಾದಂಬರಿ. ನಮ್ಮ ಬಡಾವಣೆ ಕೃಷ್ಣಮೂರ್ತಿಪುರಂನಲ್ಲಿ ಅದನ್ನು ಓದದ ಗಂಡಸರಿರಲಿಲ್ಲ, ಓದಿದೆ ಎಂದು ಒಪ್ಪಿಕೊಂಡವರೂ ಇರಲಿಲ್ಲ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ ಅದು. ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಜಗುಲಿಯ ಮೇಲೆ ಓಣಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಬರೆಯುವುದನ್ನು ಹೇಳಿಕೊಡುತ್ತಿದ್ದರು. ಅವರು ಮೇಷ್ಟರೇನಲ್ಲ, ಆದರೂ ನಮಗೆಲ್ಲ ಪತ್ತೇದಾರಿ ಮೇಷ್ಟ್ರು. ಶಾಲೆಗಳಿಂದ ಕರೆ ಬಂದರೆ ಭಾಷಣಕ್ಕೂ ಹೋಗುತ್ತಿದ್ದರು. ವೇದಿಕೆ ಹತ್ತಿದವರೇ, "ಮಕ್ಕಳೇ, ನಿಮ್ಮ ಹೆಡ್‌ಮಾಸ್ಟರ ಯಾವ ಕಾಲಿನ ಚಪ್ಪಲಿ ಹೆಚ್ಚು ಸವೆದಿದೆ, ನೋಡಿದೀರಾ?" ಎಂದು ಶುರುಮಾಡುತ್ತಿದ್ದರು. ಆ ಶಾಲೆಯವರು ಮತ್ತೆ ಕರೆಯುತ್ತಿರಲಿಲ್ಲ.

ಅವರ ಪಾಠದ ಕ್ರಮ ಅವರದೇ. ಬೀದಿಯಲ್ಲಿ ಕಂಡ ಒಬ್ಬರನ್ನು, ಹೆಸರು ಹೇಳದೆ, ಒಂದು ಹಾಳೆಯಲ್ಲಿ ಬರೆಯಬೇಕು. ಬರೆದವರು ಜಗುಲಿಯಲ್ಲೇ ಇರಬೇಕು. ಇನ್ನೊಬ್ಬರು ಆ ಹಾಳೆ ಹಿಡಿದು ಬೀದಿಗಿಳಿದು, ಆ ವ್ಯಕ್ತಿಯನ್ನು ಹುಡುಕಿ, "ಮೇಷ್ಟ್ರು ಒಂದು ಗಳಿಗೆ ಕರೀತಾರೆ" ಎಂದು ಕರೆತರಬೇಕು. ಬಂದವರ ಎದುರಿಗೇ ಹಾಳೆ ಓದಬೇಕು. ಸರಿಯಾದವರು ಸಿಕ್ಕಿದರೆ ಬರಹ ಪಾಸು.

ನನ್ನ ಮೊದಲ ಹಾಳೆ ಭಾರಿ ಗ್ರಾಂಥಿಕವಾಗಿತ್ತು. "ಶ್ವೇತವಸ್ತ್ರಧಾರಿ, ಉಪನೇತ್ರಭೂಷಿತ ವೃದ್ಧರು" ಎಂದು ಬರೆದಿದ್ದೆ. ಅದನ್ನು ಹಿಡಿದು ಹೋದ ಸಾವಿತ್ರಿ, ನನ್ನ ವಾರಿಗೆಯವಳು, ಪಕ್ಕದ ಚಾಮರಾಜಪುರಂನಿಂದ ಬರುತ್ತಿದ್ದವಳು, ಬಿಳಿ ಪಂಚೆಯ, ಕನ್ನಡಕದ ಅಜ್ಜಂದಿರ ಒಂದು ಮೆರವಣಿಗೆಯನ್ನೇ ಕರೆತಂದಳು. ಅವರೆಲ್ಲ ಜಗುಲಿಯಲ್ಲಿ ಕೂತು ಕಾಫಿ ಕುಡಿದು, ನಾನು ಬರೆದದ್ದು ತಮ್ಮನ್ನೇ ಎಂದು ಜಗಳವಾಡಿದರು. ಮೇಷ್ಟ್ರು ನಗಲಿಲ್ಲ.

"ನಿಮ್ಮನೇಲಿ ಮಾತು ಚೆನ್ನಾಗಿ ಆಡೋರು ಯಾರಮ್ಮ?"

"ಅಜ್ಜಿ."

"ಅವರು ಈ ಮುದುಕಪ್ಪನ್ನ ನೋಡಿದ್ರೆ ಏನಂತಾರೆ?"

"ಗಾಳಿ ಬಂದ್ರೆ ಪಂಚೆ ಹಿಡ್ಕೊಳ್ಳೋದೋ ಕನ್ನಡಕ ಹಿಡ್ಕೊಳ್ಳೋದೋ ಗೊತ್ತಾಗ್ದೆ ಪರದಾಡೋ ಸ್ವಾಮಿ, ಅಂತಾರೆ."

"ಮತ್ತೆ ಅದನ್ನ ಬಿಟ್ಟು ಇದೇನಮ್ಮ ಉಪನೇತ್ರ?"

ಆವತ್ತಿನಿಂದ ನಾನು ಅಜ್ಜಿಯ ಬಾಯಿಂದ ಬಂದ ಕನ್ನಡದಲ್ಲೇ ಬರೆದೆ. ಆದರೆ ಅಪ್ಪನಿಗೆ ಸಮಾಧಾನವಿರಲಿಲ್ಲ. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಹಣೆಯ ವಿಭೂತಿ ಸಂಜೆಯವರೆಗೂ ಮಾಸದಂತೆ ಬದುಕುವವರು.

"ಕೊಲೆ, ಕಳ್ಳತನ ಬರೆಯೋರ ಹತ್ರ ಹೆಣ್ಣುಮಗು ಕಲಿಯೋದೇನು? ಈ ಭಾನುವಾರಕ್ಕೆ ಮುಗೀತು," ಎಂದರು.

"ಓಗ್ ಬರ್ಲಿ ಬುಡೋ. ಮನೇಲಿ ಕೂತು ಏನ್ ಕಡ್ದು ಕಟ್ಟೆ ಆಕ್ತಾಳೆ?" ಎಂದರು ಅಜ್ಜಿ.

ಅಪ್ಪ ಕೊಡೆ ಎತ್ತಿಕೊಂಡು ಹೊರಟರು. ಅವರು ಕೊಡೆ ಎತ್ತಿಕೊಂಡರೆ ಮಾತು ಮುಗಿಯಿತೆಂದೇ ನಮ್ಮ ಮನೆಯಲ್ಲಿ ಅರ್ಥ.

ಆ ಕಡೆಯ ಭಾನುವಾರ ನನ್ನ ಕಣ್ಮುಂದೆ ಬೇರೆ ಯಾರೂ ಬರಲಿಲ್ಲ. ಸಿಟ್ಟಿನಲ್ಲಿ ಅಪ್ಪನನ್ನೇ ಬರೆಯಲು ಕೂತೆ. ಸಿಟ್ಟು ಮೊದಲ ಎರಡು ಸಾಲಿಗೆ ಸಾಕಾಯಿತು. ಆಮೇಲೆ ನೋಡಿದ್ದನ್ನೇ ಬರೆಯಬೇಕಾಯಿತು. ಹಾಳೆಯನ್ನು ಸಾವಿತ್ರಿ ತೆಗೆದುಕೊಂಡು ಓಡಿದ ಮೇಲಷ್ಟೇ ನನಗೆ ಹೊಳೆದದ್ದು: ಅಪ್ಪ ಸೊಪ್ಪು ತರಲು ಹೊರಡುವ ಹೊತ್ತು ಇದೇ.

ಸ್ವಲ್ಪ ಹೊತ್ತಿಗೆ ಅವಳು ಬಂದಳು. ಹಿಂದೆ, ಒಂದು ಕೈಯಲ್ಲಿ ಸೊಪ್ಪಿನ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದ ಅಪ್ಪ. ಅವರು ನನ್ನ ತಂದೆಯೆಂದು ಅವಳಿಗೆ ಗೊತ್ತಿರಲಿಲ್ಲ.

"ಇವ್ರೇ ಮೇಷ್ಟ್ರೇ! ತುಟಿ ನೋಡ್ಕೊಂಡೇ ಹಿಡಿದ್ಬುಟ್ಟೆ," ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಓದಿದಳು:

"ಇವರು ಮೋಡ ಕವಿದ ದಿನವೂ ರಸ್ತೆಯ ನೆರಳಿನ ಕಡೆಗೇ ನಡೆಯುತ್ತಾರೆ. ದೊಡ್ಡ ಮನುಷ್ಯರು ಎದುರಾದರೆ ಬಿಚ್ಚಿದ ಕೊಡೆ ಮಡಿಚಿಕೊಳ್ಳುತ್ತದೆ. ಒಬ್ಬರೇ ಇದ್ದಾಗ ತುಟಿ ಆಡುತ್ತಿರುತ್ತದೆ. ಆಫೀಸಿನಲ್ಲಿ ಸಾಹೇಬರಿಗೆ ಹೇಳಬೇಕೆಂದು ಹೇಳಲಾಗದೆ ಹೋದ ಮಾತನ್ನೆಲ್ಲ ದಾರಿಯಲ್ಲೇ ಹೇಳಿ ಮುಗಿಸುತ್ತಾರೆ. ಮನೆಯ ತಿರುವಿನಲ್ಲಿ ನಿಂತು ಒಂದು ಸಲ ಮುಖ ಒರೆಸಿಕೊಳ್ಳುತ್ತಾರೆ. ಅದಕ್ಕೇ ಆಫೀಸಿನ ಸಿಟ್ಟು ಯಾವತ್ತೂ ನಮ್ಮ ಮನೆಯ ಹೊಸಿಲು ದಾಟಿಲ್ಲ."

'ನಮ್ಮ ಮನೆ' ಎಂದದ್ದು ಓದಿ ಮುಗಿಸಿದ ಮೇಲೆ ಹೊಳೆದು ಸಾವಿತ್ರಿ ನನ್ನ ಮುಖ ನೋಡಿದಳು. ನಾನು ನೆಲ ನೋಡುತ್ತಿದ್ದೆ.

ಅಪ್ಪ ಮೇಷ್ಟ್ರ ಕಡೆ ತಿರುಗಿದರು. "ಕಡೇ ಮಾತು ತಾವು ಹೇಳ್ಕೊಟ್ಟದ್ದಾ?"

"ತಿರುವಿನಲ್ಲಿ ನೀವೇನು ಮಾಡ್ತೀರಿ ಅಂತ ನಂಗೆಂಗ್ ಗೊತ್ತು ಸ್ವಾಮಿ?" ಎಂದರು ಮೇಷ್ಟ್ರು. ಆಮೇಲೆ ಮೆತ್ತಗೆ, "ನನ್ನ ಪುಸ್ತಕ ರೈಲಲ್ಲಿ ಓದಿ ಸೀಟಿನ ಮೇಲೆ ಬಿಟ್ಟುಹೋಗೋವು. ಅವನ್ನ ಇಲ್ಲಿ ನಾನು ಮುಟ್ಟಿಸೋದೇ ಇಲ್ಲ. ಜೊತೇಲಿರೋರನ್ನ ಕಣ್ಬಿಟ್ಟು ನೋಡೋದು, ಅಷ್ಟೇ ಇಲ್ಲಿ ಕಲಿಸೋದು."

ಅಪ್ಪ ಚೀಲವನ್ನೂ ಕೊಡೆಯನ್ನೂ ಕೈ ಬದಲಾಯಿಸಿ ಹಿಡಿದರು. ಮೆಟ್ಟಿಲು ಇಳಿದು, ಬೆನ್ನು ತಿರುಗಿಸಿಕೊಂಡೇ ನನಗೆ ಹೇಳಿದರು: "ಊಟಕ್ಕೆ ತಡ ಮಾಡ್ಬೇಡ. ಮುಂದಿನ ಭಾನುವಾರವೂ ಅಷ್ಟೇ."

ಆ 'ಮುಂದಿನ ಭಾನುವಾರ' ಎಷ್ಟೋ ವರ್ಷ ನಡೆಯಿತು. ನಾನು ಕಾಲೇಜು ಮುಗಿಸಿ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳತೊಡಗಿದ ಮೇಲೂ ಜಗುಲಿ ಬಿಡಲಿಲ್ಲ. ಮೇಷ್ಟರಿಗೆ ಉಬ್ಬಸ ಹೆಚ್ಚಾದಾಗ ಅವರು ಒರಗುಕುರ್ಚಿಯಲ್ಲಿ ಕೂತು ಕೈಸನ್ನೆ ಮಾಡುತ್ತಿದ್ದರು, ನಾನು ಮಾತಾಡುತ್ತಿದ್ದೆ. ನಾನು ಉಪದೇಶಕ್ಕೆ ಇಳಿದೆನೋ, ಕೈ ಮೇಲೇರುತ್ತಿತ್ತು: ಸಾಕು, ಮಕ್ಕಳನ್ನು ಬೀದಿಗೆ ಕಳಿಸು.

ಒಂದು ಬುಧವಾರ ಅವರು ತೀರಿಕೊಂಡರು. ಅಪ್ಪ ಆಫೀಸಿಗೆ ರಜೆ ಹಾಕಿ ಮಣ್ಣಿಗೆ ಹೋಗಿಬಂದರು. ಆ ಭಾನುವಾರ ನಾನು ಅಡಿಗೆಮನೆಯ ಬಾಗಿಲಲ್ಲಿ ಸುಮ್ಮನೆ ಕೂತಿದ್ದೆ. ಅಪ್ಪ ಬಂದು ನಿಂತರು.

"ಯಾಕೆ ಕೂತ್ಬುಟ್ಟೆ?"

"ಮೇಷ್ಟ್ರೇ ಇಲ್ವಲ್ಲಪ್ಪ."

"ಮಕ್ಕಳು ಬಂದಿರ್ತವೆ ಕಣಮ್ಮ. ಏಳು, ಹೊತ್ತಾಯ್ತು."

ಹೋದೆ. ಮೇಷ್ಟ್ರ ಹೆಂಡತಿ ಆಗಲೇ ಜಗುಲಿ ಗುಡಿಸಿ ಚಾಪೆ ಹಾಸಿದ್ದರು.