ದಾರದಲ್ಲಿ ಕೊಯ್ದ ಮುದ್ದೆ

ರೊಮೇನಿಯಾದ ಹಳ್ಳಿಯ ವೆತಾ ಮೆಕ್ಕೆಜೋಳದ ಮುದ್ದೆ ತಿರುವಿಯೇ ಮುದುಕಿಯಾದವಳು. ಏಳು ವರ್ಷದ ಮೊಮ್ಮಗಳು ಇಲಿಂಕಾಗೆ ಆಟಿಸಂ. ಮಾತಿಲ್ಲ, ಮುದ್ದೆ ಹಾಲು ಬಿಟ್ಟು ಬೇರೇನನ್ನೂ ಬಾಯಿಗಿಡುವುದಿಲ್ಲ.

“ವೆತಕ್ಕ, ಗೋಧಿ ಬಿಡ್ಸು, ತಿಂಗಳೊಳಗೆ ಮಾತು ಬರುತ್ತೆ,” ಎಂದಳು ಇಟಲಿಯಲ್ಲಿ ದುಡಿದು ಮರಳಿದ ಪಕ್ಕದ ಮನೆಯ ಸಫ್ತಾ.

“ಮುಟ್ಟಿದ್ರೆ ತಾನೇ ಬಿಡ್ಸೋಕೆ! ಹುಟ್ಟಿದಾಗಿಂದ ಒಂದು ಚೂರು ಬ್ರೆಡ್ ತಿಂದಿಲ್ಲ ಇವಳು. ಪಥ್ಯದಿಂದ ಆಟಿಸಂ ಹೋಗುತ್ತೆ ಅನ್ನೋಕೆ ಪುರಾವೆ ಇಲ್ಲ ಅಂದಿದ್ದಾರೆ ಡಾಕ್ಟ್ರು. ಸುಮ್ನೆ ತಲೆ ತಿನ್ಬೇಡ, ಮುದ್ದೆ ಹಾಕ್ಕೊ.”

ಸಫ್ತಾ ಚಾಕು ಎತ್ತಿಕೊಂಡಳು. ಆ ಸೀಮೆಯಲ್ಲಿ ಹಲಗೆಯ ಮೇಲೆ ಮಗುಚಿದ ದೊಡ್ಡ ಮುದ್ದೆಯನ್ನು ಕೊಯ್ಯುವುದು ದಾರದಿಂದ. ಅವಳಿಗದು ಮರೆತೇ ಹೋಗಿತ್ತು. ಇಲಿಂಕಾ ಮೆಲ್ಲಗೆ ಅವಳ ಕೈಯಿಂದ ಚಾಕು ಬಿಡಿಸಿ, ದಾರ ಎಳೆದು ಒಂದು ತುಂಡು ಕೊಯ್ದು ಅವಳ ತಟ್ಟೆಗೆ ಹಾಕಿದಳು.

“ನೋಡಿದ್ಯಾ? ಹೇಳೋದನ್ನ ಹೇಳಿದ್ಲು,” ಎಂದಳು ವೆತಾ. “ಇನ್ನು ನೀನು ಬಾಯಿ ಮುಚ್ಕೊಂಡು ತಿನ್ನು.”