ಗಾಳಕ್ಕೆ ಹೊರಟವರನ್ನು ಕೇಳಬಾರದು

ಜನವರಿಯ ಒಂದು ಶನಿವಾರ, ಬೆಳಿಗ್ಗೆ ಏಳು ಗಂಟೆ. ದುಬೈಯ ಅಲ್ ಕುಸೈಸಿನ ಫ್ಲ್ಯಾಟಿನಲ್ಲಿ ಇದ್ದದ್ದು ನಾನು ಮತ್ತು ಸೊಸೆ. ಮಗ ಕೆಲಸದ ಮೇಲೆ ಅಬುಧಾಬಿಗೆ ಹೋಗಿದ್ದ. ನಮ್ಮ ಯಜಮಾನರು ಗಾಳದ ಕೋಲು ಹಿಡಿದು ಆಗಲೇ ಹೊರಟಿದ್ದರು.

ಸ್ನಾನ ಮುಗಿಸಿ ಅಡುಗೆಮನೆಗೆ ಬಂದೆ. ಅವರ ತಿಂಡಿ ಡಬ್ಬಿ ಮೇಜಿನ ಮೇಲೆಯೇ ಇತ್ತು. ಮುಚ್ಚಳ ತೆರೆದು ನೋಡಿದರೆ ನೀರ್ದೋಸೆ ಹಾಗೇ ಇದೆ.

“ಇದೆಂತ ಇಲ್ಲಿ?”

ಸೊಸೆ ಸಿಂಕಿನ ಕಡೆಯಿಂದ ತಿರುಗಲಿಲ್ಲ. “ಬಾಗಿಲು ಹಾಕುವಾಗಲೇ ನೋಡಿದೆ ಅತ್ತೆ. ಮಾವ ಲಿಫ್ಟಿನ ಹತ್ತಿರ ಇದ್ದರು. ಹಿಂದಿನಿಂದ ಕರೀಬಾರದಲ್ವಾ ಅಂತ ಸುಮ್ಮನಾದೆ.”

ಅವಳನ್ನು ಬೈಯುವ ಹಾಗಿರಲಿಲ್ಲ. ಅವಳು ಮೈಸೂರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ಕೋಲು ಹಿಡಿದು ನಿಂತ ಮಾವನನ್ನು, “ಎಲ್ಲಿಗೆ ಮಾವ?” ಎಂದು ಪ್ರೀತಿಯಿಂದಲೇ ಕೇಳಿದ್ದಳು. ಅವರು ಕೋಲನ್ನು ಬಾಗಿಲ ಹಿಂದೆ ಇಟ್ಟು, ಶರ್ಟು ಬಿಚ್ಚಿ, ಟಿವಿ ಮುಂದೆ ಕುಳಿತಿದ್ದರು. ಗಾಳಕ್ಕೆ ಹೊರಟವರನ್ನು ಎಲ್ಲಿಗೆಂದು ಕೇಳಬಾರದು, ಹಿಂದಿನಿಂದ ಕರೆಯಬಾರದು. ಕೇಳಿದರೆ ಬರಿಗೈ. ಉಡುಪಿ ಕಡೆಯ ಒಂದು ಅಳಿವೆಯಲ್ಲಿ, ಹೊಳೆ ಸಮುದ್ರಕ್ಕೆ ಸೇರುವ ಜಾಗದಲ್ಲಿ, ಬೆಳೆದವರು ಅವರು. ಹರೆಯದಲ್ಲಿ ದಡದ ಮೇಲೆ ನಿಂತು ರಾವಸ್ ಮೀನು ಹಿಡಿಯುತ್ತಿದ್ದರಂತೆ. ಈ ದೇಶದಲ್ಲಿ ಹೊಳೆಯೇ ಇಲ್ಲ. ಊರೊಳಗೆ ನುಗ್ಗಿದ ಸಮುದ್ರದ ಕವಲು, ದುಬೈಯ ಕ್ರೀಕನ್ನೇ ಅವರು ಹೊಳೆ ಎನ್ನುತ್ತಾರೆ.

ನನಗೆ ಹೆದರಿಕೆಯಾದದ್ದು ದೋಸೆಯ ಕಾರಣಕ್ಕಲ್ಲ. ಅವರ ಇನ್ಸುಲಿನ್ ಪೆನ್ನು ಗಾಳದ ಚೀಲದಲ್ಲಿ ಹೋಗಿತ್ತು. ನಾನು ಅಬುಧಾಬಿಯ ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು. ಅಲ್ಲಿ ಖಾಲಿದಿಯಾದ ಮನೆಯಲ್ಲಿದ್ದಾಗಿನಿಂದ ಅವರಿಗೆ ಒಂದೇ ಕ್ರಮ ಕಲಿಸಿದ್ದೆ: ಮೊದಲು ಸೂಜಿ, ಸ್ವಲ್ಪ ಹೊತ್ತು ಬಿಟ್ಟು ತಿಂಡಿ. ಆ ಬಿಡುವಿನಲ್ಲಿ ಅವರು ಗಾಳಕ್ಕೆ ಸಿಗಡಿ ಚುಚ್ಚಿ ನೀರಿಗೆ ಎಸೆಯುತ್ತಾರೆ. ಎಂದರೆ, ಸೂಜಿ ಚುಚ್ಚಿಕೊಂಡ ಮೇಲೆಯೇ ಡಬ್ಬಿ ಹುಡುಕುತ್ತಾರೆ. ಆ ಹೊತ್ತಿಗೆ ಮೀನು ಕಚ್ಚಿದರೆ ಹುಡುಕುವುದೂ ಇಲ್ಲ. ಹೊಟ್ಟೆಗೆ ಏನೂ ಬೀಳದೆ ಸಕ್ಕರೆ ಇಳಿದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಅವರು ನಿಲ್ಲುವುದು ನೀರಿನ ಅಂಚಿನಲ್ಲಿ.

ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಸದ್ದಿಗೆ ಮೀನು ಓಡುತ್ತದೆಂದು ದಡದಲ್ಲಿ ಅದನ್ನು ಸೈಲೆಂಟಿಗೆ ಹಾಕುತ್ತಾರೆ. ಮತ್ತೆ ಮಾಡಿದೆ. ಮತ್ತೆ ಮಾಡಿದೆ.

“ಕಾರಿನ ಕೀ ತೆಗೆದುಕೋ,” ಎಂದೆ. ಡಬ್ಬಿ, ಸಕ್ಕರೆ, ಹಣ್ಣಿನ ರಸದ ಪೊಟ್ಟಣ, ರಕ್ತ ಪರೀಕ್ಷೆಯ ಮಿಷನ್ ಚೀಲಕ್ಕೆ ತುಂಬಿದೆ. ಕೆಳಗಿಳಿದರೆ ಮಂಜು. ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ.

“ಎಲ್ಲಿಗೆ ಅತ್ತೆ?” ಸೊಸೆ ಕೇಳಿ, ಕೇಳಿದ್ದಕ್ಕೆ ತಾನೇ ಬೆಚ್ಚಿದಳು.

ಅದೇ ನನಗೂ ಗೊತ್ತಿರಲಿಲ್ಲ. ಅವರಿಗೆ ಎರಡು ಜಾಗ. ಒಂದು ಕ್ರೀಕಿನ ಬಾಯಿಯ ಹತ್ತಿರ, ಇನ್ನೊಂದು ಒಳಗೆ ಜದ್ದಾಫ್ ಕಡೆ. ಮಂಜಿನಲ್ಲಿ ಒಂದನ್ನು ನೋಡಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ನಾನು ಸೀಟಿನಲ್ಲಿ ನೆಟ್ಟಗೆ ಕುಳಿತು ಅವರ ಊರಿನ ಕತೆಗಳನ್ನು ನೆನಪಿಸಿಕೊಂಡೆ. ಎಷ್ಟೋ ಸಲ ಕೇಳಿ ಬೇಸತ್ತ ಕತೆಗಳು. ಭರತದ ನೀರು ಏರುವಾಗ ರಾವಸ್ ನೀರಿನ ಜೊತೆ ಒಳಗೆ ಬರುತ್ತದೆ, ಆಗ ಒಳದಡದಲ್ಲಿ ನಿಲ್ಲಬೇಕು. ಇಳಿಯುವಾಗ ಅಳಿವೆಯ ಬಾಯಿಯಲ್ಲಿ ಕಾಯಬೇಕು.

“ಕ್ರೀಕಿನಲ್ಲಿ ನೀರು ಈಗ ಏರುತ್ತಾ ಉಂಟಾ, ಇಳಿಯುತ್ತಾ ಉಂಟಾ? ಫೋನಿನಲ್ಲಿ ನೋಡು.”

“ಏರ್ತಿದೆ ಅತ್ತೆ.”

“ಹಾಗಾದರೆ ಜದ್ದಾಫ್.”

ದಾರಿಯುದ್ದಕ್ಕೂ ಮುಂದಿನ ಕಾರಿನ ಕೆಂಪು ದೀಪವನ್ನು ಬಿಟ್ಟರೆ ಏನೂ ಕಾಣಲಿಲ್ಲ. ಅವಳು ನಿಧಾನ ಓಡಿಸಿದಳು. ಸರಿಯಾಗಿಯೇ ಓಡಿಸಿದಳು. ಆದರೂ ನನ್ನ ಬಲಗಾಲು ಇಲ್ಲದ ಬ್ರೇಕನ್ನೂ ಆಕ್ಸಿಲರೇಟರನ್ನೂ ಒತ್ತುತ್ತಲೇ ಇತ್ತು. ಏರುವ ನೀರು ಎಂದು ನಾನೇನೋ ಲೆಕ್ಕ ಹಾಕಿದೆ. ಅವರು ಇವತ್ತು ಹಾಗೆ ಯೋಚಿಸದೆ ಹೋಗಿದ್ದರೆ?

ದಡದ ಕಲ್ಲುಗಳ ಮೇಲೆ ಅವರ ಹಳದಿ ಟೋಪಿ ಕಂಡಿತು. ನಿಂತಿದ್ದರು. ಕೋಲು ಬಿಲ್ಲಿನ ಹಾಗೆ ಬಾಗಿತ್ತು. ಹತ್ತಿರ ಹೋದೆ. ಮುಖ ಬಿಳಿಚಿ ಬೆವರು ಇಳಿಯುತ್ತಿತ್ತು, ಮೊಣಕಾಲು ನಡುಗುತ್ತಿತ್ತು.

“ಸೂಜಿ ಹಾಕಿಕೊಂಡ್ರಾ?”

“ಶ್ಶ್! ದೊಡ್ಡದು ಉಂಟು. ಇಡೀ ಮನೆ ಎಂತಕ್ಕೆ ಬಂದದ್ದು?” ಮಾತು ತೊದಲುತ್ತಿತ್ತು.

“ಹಾಕಿಕೊಂಡ್ರಾ, ಇಲ್ವಾ?”

“ಹಾಕಿದೆ ಮಾರಾಯ್ತಿ. ಡಬ್ಬಿ ಸಿಗಲಿಲ್ಲ. ಇದನ್ನು ಎಳೆದು ಹಾಕಿ ಹೋಗುವಾ ಅಂತ…”

ಸೊಸೆ ಹಿಂದಿನಿಂದ ಅವರ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಳು. ನಾನು ಪೊಟ್ಟಣ ಒಡೆದು ಸ್ಟ್ರಾವನ್ನು ಬಾಯಿಗೆ ಇಟ್ಟೆ. ಕೋಲು ಬಿಡಲಿಲ್ಲ, ಆದರೆ ಕುಡಿದರು. ಅರ್ಧ ಮುಗಿಯುವಷ್ಟರಲ್ಲಿ ಬೆರಳು ಸಡಿಲಾಯಿತು, ದಾರ ಟಪ್ಪೆಂದು ಹರಿಯಿತು, ಕೋಲು ನೆಟ್ಟಗಾಯಿತು.

“ಖಲಾಸ್,” ಎಂದು ಅವರು ಕಲ್ಲಿನ ಮೇಲೆ ಕುಳಿತರು. “ರಾವಸ್ ಇತ್ತು.”

“ಈ ಉಪ್ಪುನೀರಿನ ಹೊಂಡಕ್ಕೆ ರಾವಸ್ ಬರ್ತದಾ?”

“ನಾನು ಬರಲಿಲ್ವಾ?”

ಬೆರಳಿಗೆ ಚುಚ್ಚಿ ನೋಡಿದೆ. ಇಳಿದಿತ್ತು, ಬಹಳ ಇಳಿದಿತ್ತು. ಅವರನ್ನು ಕಾರಿನಲ್ಲಿ ಕೂರಿಸಿ, ನೀರ್ದೋಸೆಯನ್ನು ತುಂಡು ಮಾಡಿ ತಿನ್ನಿಸಿ, ಮತ್ತೆ ಚುಚ್ಚಿ ನೋಡಿದೆ. ಏರಿತ್ತು. ಆಮೇಲೆಯೇ ನಾನು ಸೀಟಿಗೆ ಬೆನ್ನು ಕೊಟ್ಟದ್ದು. ಸೊಸೆ ಕಾರು ಚಾಲೂ ಮಾಡಿದಳು.

ಸಂಜೆ ತೊಂಡೆಕಾಯಿ ಪಲ್ಯ, ಸಾರು. ಊಟಕ್ಕೆ ಕುಳಿತಾಗ ಸೊಸೆ ತಟ್ಟೆ ನೋಡಿಕೊಂಡೇ ಹೇಳಿದಳು: “ಮಾವ, ಇನ್ನು ಮೇಲೆ ನಾನು ಕೇಳ್ತೀನಿ. ಮೀನು ಸಿಗದಿದ್ದರೆ ಬೇಡ.”

ಅವರು ಅನ್ನಕ್ಕೆ ಸಾರು ಕಲಸಿದರು. “ನೀನು ಕೇಳ್ಬೇಡ. ನಾನೇ ಹೇಳಿ ಹೋಗ್ತೇನೆ. ಕೇಳಿದರೆ ಮಾತ್ರ ಮೀನಿಗೆ ಸಿಟ್ಟು, ಹೇಳಿದರೆ ಇಲ್ಲ.”

“ಇದು ಯಾವಾಗಿನ ಶಾಸ್ತ್ರ?” ಎಂದೆ ನಾನು.

“ಇವತ್ತಿನದು.”

ಪಾತ್ರೆ ತೊಳೆದಾಯಿತು. ಡಬ್ಬಿಯನ್ನು ಒರೆಸಿ, ಅವರ ಗಾಳದ ಚೀಲದಿಂದ ಇನ್ಸುಲಿನ್ ಪೆನ್ನನ್ನು ತೆಗೆದೆ. ಡಬ್ಬಿಯ ಬಟ್ಟೆಚೀಲದ ತಳದಲ್ಲಿ ಪೆನ್ನು, ಅದರ ಮೇಲೆ ಡಬ್ಬಿ. ಇನ್ನು ಡಬ್ಬಿಯನ್ನು ಎತ್ತದೆ ಪೆನ್ನು ಸಿಗುವುದಿಲ್ಲ. ಚೀಲದ ಬಾಯಿ ಕಟ್ಟಿ, ಬಾಗಿಲ ಹಿಂದೆ ಕೋಲಿನ ಹಿಡಿಗೆ ತೂಗುಹಾಕಿ, ದೀಪ ಆರಿಸಿದೆ.